ಮಳೆ ಬಂದರೆ ಕೈಬಿಡುವ ಕಾರು

ಜುಲೈ ತಿಂಗಳ ಶನಿವಾರ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಲಾ ಘಾಟಿ. ಎದುರಿಗೆ ಮಂಜು, ಮೇಲಿಂದ ಧೋ ಎಂದು ಮಳೆ, ಪಕ್ಕದ ಲಾರಿಯ ಚಕ್ರ ಎರಚುವ ಕೆಸರುನೀರು. ಸರಿಯಾಗಿ ಆಗಲೇ ಕಾರಿನ ಪರದೆಯಲ್ಲಿ ಹಳದಿ ಎಚ್ಚರಿಕೆ: ಮುಂದಿನ ಕ್ಯಾಮೆರಾಕ್ಕೆ ಏನೂ ಕಾಣುತ್ತಿಲ್ಲ, ಗಾಡಿ ಗೆರೆ ದಾಟದಂತೆ ಲೇನ್ ಕಾಯುವ ವ್ಯವಸ್ಥೆ ಬಂದ್. ಹಿಂದೆ ಕುಳಿತಿದ್ದ ಅಮ್ಮ, “ಗಾಡಿ ಯಾಕೋ ಹೀಗೆ ಕೂಗುತ್ತಿದೆ?” ಎಂದು ನನ್ನ ಸೀಟನ್ನೇ ಹಿಡಿದುಕೊಂಡರು.

ಬಿಸಿಲಿನಲ್ಲಿ, ಬಿಳಿ ಗೆರೆ ನಿಚ್ಚಳವಾಗಿರುವ ರಸ್ತೆಯಲ್ಲಿ ನನಗೆ ಯಾರ ನೆರವೂ ಬೇಕಿಲ್ಲ. ಕಣ್ಣು ಕಾಣದ ಹೊತ್ತಿನಲ್ಲಿ ಬೇಕು; ಆಗಲೇ ಇಲ್ಲ! ಕಾರಣ ತಿಳಿಯದ್ದೇನಲ್ಲ. ಗಾಜಿನ ಮೇಲೆ ನೀರು ಹರಿದರೆ ಕ್ಯಾಮೆರಾ ಕುರುಡು. ಚಾಲಕರಿಲ್ಲದ ಅನೇಕ ಕಾರುಗಳು ನೆಚ್ಚಿಕೊಂಡ, ಲೇಸರ್ ಬೀರಿ ದೂರ ಅಳೆಯುವ ಲೈಡಾರ್‌ನ ಬೆಳಕೂ ಹನಿಗಳಿಗೆ ಬಡಿದು ಚೆದುರುತ್ತದೆ. ರೇಡಿಯೊ ಅಲೆ ಬೀರುವ 77 ಗಿಗಾಹರ್ಟ್ಸ್ ರೇಡಾರ್ ಮಂಜನ್ನು ಸೀಳಿ ನೋಡುತ್ತದೆ, ನಿಜ. ಆದರೆ ರಸ್ತೆಗೆ ಬಳಿದ ಗೆರೆ ಅದಕ್ಕೆ ತಿಳಿಯದು.

ಇದನ್ನು ಕಂಪನಿಯವರು ಗಾಡಿ ಮಾರುವಾಗಲೇ ಬಾಯಿಬಿಟ್ಟು ಹೇಳಬೇಕಿತ್ತು. ಷೋರೂಮಿನಲ್ಲಿ ತೋರಿಸಿದ ವಿಡಿಯೊದಲ್ಲಿ ಒಂದು ಹನಿ ಮಳೆ ಇರಲಿಲ್ಲ. ಎಚ್ಚರಿಕೆಯೆಲ್ಲ ಕೈಪಿಡಿಯ ಸಣ್ಣ ಅಕ್ಷರಗಳಲ್ಲಿ. ವರ್ಷಕ್ಕೆ ನಾಲ್ಕು ತಿಂಗಳು ನೆನೆಯುವ ನಮಗೆ ಮಾರುವ ಗಾಡಿಯನ್ನು ಒಂದು ಮಳೆಗಾಲವಿಡೀ ಇದೇ ಘಾಟಿಯಲ್ಲಿ ಓಡಿಸಿ ನೋಡಲಿ, ಆಮೇಲೆ ಬೆಲೆ ಹೇಳಲಿ.