ರಿಚ್ಮಂಡಿನ ಕುದುರೆ, ನಮ್ಮ ತಮಟೆ

ನಾನಿರುವ ರಿಚ್ಮಂಡ್, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ, ಅಂದರೆ ಕಾನ್ಫೆಡರೇಟರ, ರಾಜಧಾನಿಯಾಗಿತ್ತು. ಗುಲಾಮಗಿರಿ ಉಳಿಸಲು ಕಾದಾಡಿದ ಸೇನಾಪತಿಗಳು ಇಲ್ಲಿಯ ಮಾನ್ಯುಮೆಂಟ್ ಅವೆನ್ಯೂನಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲ ಕುದುರೆ ಮೇಲೆ ಮೆರೆದರು. ಅವರಲ್ಲೊಬ್ಬ ಸ್ಟುವರ್ಟ್. ಅವನ ಪ್ರತಿಮೆ ನೋಡಿದ ಕಪ್ಪು ಕಲಾವಿದ ಕೆಹಿಂದೆ ವೈಲಿ ಅದೇ ಠೀವಿಯಲ್ಲಿ ಇನ್ನೊಂದು ಕಂಚಿನ ಕುದುರೆ ಮಾಡಿದರು. ಸವಾರ ಮಾತ್ರ ಬೇರೆ: ಜಡೆಗಟ್ಟಿದ ಕೂದಲು, ಹರಿದ ಜೀನ್ಸ್, ತಲೆಗವಸಿರುವ ಹೂಡಿ ಅಂಗಿ ತೊಟ್ಟ ಕಪ್ಪು ಯುವಕ. 2019ರ ಡಿಸೆಂಬರಿನಿಂದ ಅದು ಇಲ್ಲಿಯ ಆರ್ಟ್ ಮ್ಯೂಸಿಯಂ ಮುಂದಿದೆ. ಪಕ್ಕದಲ್ಲೇ ಕಾನ್ಫೆಡರೇಟ್ ಹೆಣ್ಣುಮಕ್ಕಳ ಸಂಘದ ಕಟ್ಟಡ. ಜಾಗ ಆರಿಸಿದವರಿಗೆ ಸೆಲ್ಯೂಟ್!

ಆದರೂ ನನಗೆ ಜಾಸ್ತಿ ಹಿಡಿಸಿದ್ದು 2020ರಲ್ಲಿ ಜನರೇ ಮಾಡಿದ ಕಲೆ. ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ನಂತರ, ಅದೇ ಅವೆನ್ಯೂನಲ್ಲಿದ್ದ ದಕ್ಷಿಣದ ಸೇನಾಪತಿ ಜನರಲ್ ಲೀ ಪ್ರತಿಮೆಯ ಪೀಠದ ತುಂಬ ಬಣ್ಣಬಣ್ಣದ ಬರಹ. ರಾತ್ರಿ ಅದರ ಮೇಲೆ ಫ್ಲಾಯ್ಡ್ ಮುಖವನ್ನು ಬೆಳಕಲ್ಲಿ ಮೂಡಿಸುತ್ತಿದ್ದರು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಲೀ ಇಳಿದ. ಆಮೇಲೆ ಪೀಠವನ್ನೂ ಬಿಚ್ಚಿದರು. ಬರಹಗಳಿಗಾದರೂ ಅದನ್ನು ಉಳಿಸಬೇಕಿತ್ತು.

ನಮ್ಮಲ್ಲಿ ಈ ದಾರಿ 1970ರ ದಶಕದಲ್ಲೇ ಇತ್ತು. ದಲಿತ ಸಂಘರ್ಷ ಸಮಿತಿಯವರು ಸಿದ್ಧಲಿಂಗಯ್ಯನವರ ಹಾಡುಗಳನ್ನು ತಮಟೆ ಬಡಿದು ಊರೂರಲ್ಲಿ ಹಾಡಿದರು. ಕಂಚು ಬೇಡ, ಮ್ಯೂಸಿಯಂ ಬೇಡ, ಓದು ಬರಹವೂ ಬೇಡ. ಸಾವಿನ ಹೆಣದ ಮುಂದೆ ಬಡಿಸಿಕೊಂಡೇ ಬಂದ ವಾದ್ಯವನ್ನು ಸಿಟ್ಟಿನ ವಾದ್ಯ ಮಾಡಿದ್ದು ಸಣ್ಣ ಮಾತಲ್ಲ. ಈ ವಿಷಯದಲ್ಲಿ ರಿಚ್ಮಂಡಿಗಿಂತ ನಮ್ಮವರು ಒಂದು ಕೈ ಮೇಲು ಅಂತಲೇ ನನ್ನ ಅನಿಸಿಕೆ.

ಆದರೆ ಇಲ್ಲಿಯ ಕನ್ನಡಿಗರನ್ನು ನೋಡಿ. ಊರಿಂದ ಯಾರೇ ಬಂದರೂ ವೈಲಿಯ ಕುದುರೆ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ವರ್ಣಭೇದದ ಬಗ್ಗೆ ಊಟದ ಮೇಜಿನಲ್ಲಿ ಗಂಟೆಗಟ್ಟಲೆ ಮಾತು. ರಾಜ್ಯೋತ್ಸವ ಬಂತೋ, ಭಾವಗೀತೆ, ಭರತನಾಟ್ಯ, ಸಿನಿಮಾ ಡ್ಯಾನ್ಸ್. ತಮಟೆಯೂ ಇರುತ್ತದೆ ಅನ್ನಿ, ಜಾನಪದ ಕುಣಿತಕ್ಕೆ. ಸಿದ್ಧಲಿಂಗಯ್ಯನವರ ಹಾಡು ಹಾಕೋಣ ಅಂದರೆ, "ಹಬ್ಬದ ದಿನ ಜಾತಿ ವಿಷಯ ಯಾಕೆ ಸುಮ್ನೆ?" ಅನ್ನುತ್ತಾರೆ. ಇಲ್ಲಿಯ ಬಿಳಿಯರೂ ಪ್ರತಿಮೆಗಳ ಬಗ್ಗೆ ಹೀಗೇ ಹೇಳುತ್ತಿದ್ದರು, ಅಲ್ವಾ? ಇನ್ನೊಬ್ಬರ ಅನ್ಯಾಯದ ಎದುರು ಧೈರ್ಯ ಸಲೀಸು.

ಈ ನವೆಂಬರಿಗೂ ಕೇಳುವವನಿದ್ದೇನೆ. ಐದು ನಿಮಿಷ ಸಾಕು, ಕೀಬೋರ್ಡ್ ಬೇಡ. ತಮಟೆ ಹೇಗಿದ್ದರೂ ನಮ್ಮ ಕನ್ನಡ ಕೂಟದ ಸ್ಟೋರಿನಲ್ಲೇ ಇದೆ.