ಯಾವ ಕೆಲಸ, ಯಾವ ವರ್ಷ?

ವೈದ್ಯಕೀಯ ಓದಿನ ಕೊನೆಯ ಹಂತದಲ್ಲಿರುವ ನನ್ನ ಅಕ್ಕನ ಮಗಳು ಕಳೆದ ವಾರ ಫೋನ್ ಮಾಡಿದ್ದಳು. "ಮಾಮಾ, ನನಗೆ ರೇಡಿಯಾಲಜಿ ಓದುವ ಆಸೆ. ಆದರೆ ಇನ್ನು ಹತ್ತು ವರ್ಷದಲ್ಲಿ ಆ ಕೆಲಸವನ್ನೆಲ್ಲ ಎಐ ಮಾಡುತ್ತೆ, ಬೇರೆ ಏನಾದರೂ ತಗೋ ಅಂತ ಎಲ್ಲರೂ ಹೇಳ್ತಿದ್ದಾರೆ. ನೀವೇನಂತೀರಿ?" ಎಂದು ಕೇಳಿದಳು. ಮೂರು ದಶಕಗಳ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲೇ ಕಳೆದಿದ್ದರೂ ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಸಮಯ ಕೊಡು ಎಂದೆ. ಆ ಎರಡು ದಿನ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪ್ರಶ್ನೆ ಅವಳೊಬ್ಬಳದಲ್ಲ.

ಅವಳ ಅಂಜಿಕೆಗೆ ಒಂದು ಮೂಲವಿದೆ. ಇಂದಿನ ಕೃತಕ ಬುದ್ಧಿಮತ್ತೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2016ರಲ್ಲಿ, ಐದು ವರ್ಷಗಳಲ್ಲಿ ಯಂತ್ರಗಳು ರೇಡಿಯಾಲಜಿಸ್ಟರನ್ನು, ಅಂದರೆ ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಓದುವ ವೈದ್ಯರನ್ನು, ಮೀರಿಸುತ್ತವೆ, ಆದ್ದರಿಂದ ಹೊಸಬರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದು ವೇದಿಕೆಯ ಮೇಲೆ ಹೇಳಿದ್ದರು. ಹಿಂಟನ್ ಬಾಯಿಗೆ ಬಂದದ್ದನ್ನು ಹೇಳುವವರಲ್ಲ. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ. ಅವರು ಕೊಟ್ಟ ಗಡುವು 2021ಕ್ಕೆ ಮುಗಿಯಿತು. ರೇಡಿಯಾಲಜಿಸ್ಟರ ಬೇಡಿಕೆ ಕುಗ್ಗಲಿಲ್ಲ, ಅನೇಕ ದೇಶಗಳಲ್ಲಿ ಅವರ ಕೊರತೆಯೇ ದೊಡ್ಡ ತಲೆನೋವಾಗಿದೆ. ತಾವು ಅಂದು ತೀರಾ ಸಾರಾಸಗಟಾಗಿ ಮಾತಾಡಿದೆವೆಂದು ಹಿಂಟನ್ ಅವರೇ ಮುಂದೆ ಒಪ್ಪಿಕೊಂಡರು. ಹಾಗೆಂದು ಯಂತ್ರದ ಶಕ್ತಿಯ ಬಗ್ಗೆ ಅವರು ಹೇಳಿದ್ದೇನೂ ಸುಳ್ಳಾಗಿರಲಿಲ್ಲ. ಸ್ಕ್ಯಾನ್‌ಗಳನ್ನು ಓದುವ ಪ್ರೋಗ್ರಾಂಗಳು ಇಂದು ಆಸ್ಪತ್ರೆಗಳಲ್ಲಿ ನಿಜವಾಗಿಯೂ ಬಳಕೆಯಲ್ಲಿವೆ. ಹಾಗಾದರೆ ಲೆಕ್ಕ ತಪ್ಪಿದ್ದೆಲ್ಲಿ?

ರೇಡಿಯಾಲಜಿಸ್ಟರೊಬ್ಬರ ಪಕ್ಕದಲ್ಲಿ ಅರ್ಧ ಗಂಟೆ ಕೂತರೆ ಇದು ತಿಳಿಯುತ್ತದೆ. ಪರದೆಯ ಮೇಲೆ ಶ್ವಾಸಕೋಶದ ಸಿ.ಟಿ. ಸ್ಕ್ಯಾನ್ ಇದೆ, ಅದರಲ್ಲಿ ಒಂದು ಸಣ್ಣ ಚುಕ್ಕೆ ಕಾಣುತ್ತದೆ. ಚುಕ್ಕೆ ಇದೆ ಎಂದು ಗುರುತಿಸುವಷ್ಟು ಕೆಲಸವನ್ನು ಯಂತ್ರ ಮಾಡಬಲ್ಲದು, ಕೆಲವೊಮ್ಮೆ ಮನುಷ್ಯರಿಗಿಂತ ಚೆನ್ನಾಗಿಯೇ ಮಾಡುತ್ತದೆ. ಆದರೆ ಆ ವೈದ್ಯೆ ಎರಡು ವರ್ಷದ ಹಿಂದಿನ ಸ್ಕ್ಯಾನ್ ತೆಗೆದು, ಅದೇ ಜಾಗದಲ್ಲಿ ಆಗಲೂ ಚುಕ್ಕೆ ಇತ್ತೇ, ಇದ್ದರೆ ಈಗ ಬೆಳೆದಿದೆಯೇ ಎಂದು ನೋಡುತ್ತಾರೆ. ರೋಗಿಗೆ ಹಿಂದೆ ಕ್ಷಯ ಬಂದಿತ್ತೇ, ಶಸ್ತ್ರಚಿಕಿತ್ಸೆ ಆಗಿತ್ತೇ ಎಂದು ಕಡತ ತಿರುವುತ್ತಾರೆ. ಪರೀಕ್ಷೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ನಿಮಗೆ ಇದರಿಂದ ತಿಳಿಯಬೇಕಾಗಿರುವುದೇನು ಎಂದು ಕೇಳುತ್ತಾರೆ. ಸೂಜಿ ಹಾಕಿ ತುಣುಕು ತೆಗೆಯಬೇಕೆ, ಆರು ತಿಂಗಳು ಕಾಯಬಹುದೇ ಎಂದು ತೀರ್ಮಾನಿಸುತ್ತಾರೆ. ಕೊನೆಗೆ ವರದಿಯ ಕೆಳಗೆ ತಮ್ಮ ಹೆಸರಿನಲ್ಲಿ ಸಹಿ ಮಾಡುತ್ತಾರೆ, ತಪ್ಪಾದರೆ ಉತ್ತರ ಕೊಡಬೇಕಾದವರು ಅವರೇ. ಚಿತ್ರದಲ್ಲಿ ಏನಿದೆ ಎಂಬ ಪ್ರಶ್ನೆಯೇ ಬೇರೆ, ಈ ಮನುಷ್ಯನಿಗೆ ಈಗ ಏನು ಮಾಡಬೇಕು ಎಂಬ ಪ್ರಶ್ನೆಯೇ ಬೇರೆ. ಭವಿಷ್ಯ ನುಡಿಯುವವರು ಮೊದಲನೆಯದಕ್ಕೆ ಯಂತ್ರ ಕೊಟ್ಟ ಉತ್ತರ ನೋಡಿ ಎರಡನೆಯದೂ ಬಗೆಹರಿಯಿತೆಂದು ಭಾವಿಸುತ್ತಾರೆ. ನಾನು ನೋಡಿದ ಮಟ್ಟಿಗೆ, ಈ ಕ್ಷೇತ್ರದ ಬಹುಪಾಲು ಹುಸಿ ಗಡುವುಗಳು ಹುಟ್ಟುವುದು ಇಲ್ಲೇ.

ಈ ಚಾಳಿ ಕೃತಕ ಬುದ್ಧಿಮತ್ತೆ ಎಂಬ ಹೆಸರಿನಷ್ಟೇ ಹಳೆಯದು. 1955ರಲ್ಲಿ ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ, ನಥಾನಿಯಲ್ ರಾಚೆಸ್ಟರ್, ಕ್ಲಾಡ್ ಶಾನನ್ ಈ ನಾಲ್ವರು ವಿಜ್ಞಾನಿಗಳು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕಾರ್ಯಾಗಾರಕ್ಕಾಗಿ ಬರೆದ, ಆ ಹೆಸರನ್ನು ಮೊದಲು ಬಳಸಿದ ಮನವಿಯಲ್ಲಿ, ಆಯ್ದ ವಿಜ್ಞಾನಿಗಳು ಒಂದು ಬೇಸಿಗೆಯಷ್ಟು ಕಾಲ ಒಟ್ಟಿಗೆ ದುಡಿದರೆ ಭಾಷೆ, ಅಮೂರ್ತ ಕಲ್ಪನೆಗಳಂಥ ಸಮಸ್ಯೆಗಳಲ್ಲಿ ಒಂದರಲ್ಲಾದರೂ ಗಣನೀಯ ಮುನ್ನಡೆ ಸಾಧ್ಯವೆಂದು ನಂಬಿಕೆ ವ್ಯಕ್ತಪಡಿಸಿದ್ದರು. ಹತ್ತು ವರ್ಷದೊಳಗೆ ಕಂಪ್ಯೂಟರ್ ಚೆಸ್‌ನ ವಿಶ್ವ ಚಾಂಪಿಯನ್ ಆಗುತ್ತದೆ ಎಂದು ಈ ಕ್ಷೇತ್ರದ ಮೊದಲಿಗರಾದ ಹರ್ಬರ್ಟ್ ಸೈಮನ್ ಮತ್ತು ಅಲೆನ್ ನ್ಯೂವೆಲ್ 1958ರಲ್ಲಿ ಪ್ರಕಟಿಸಿದರು. ಡೀಪ್ ಬ್ಲೂ ಕಂಪ್ಯೂಟರ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಪಂದ್ಯದಲ್ಲಿ ಮಣಿಸಿದ್ದು 1997ರಲ್ಲಿ. ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಯಂತ್ರಗಳು ಇಪ್ಪತ್ತು ವರ್ಷದೊಳಗೆ ಮಾಡಬಲ್ಲವು ಎಂದು ಇದೇ ಸೈಮನ್ 1965ರಲ್ಲಿ ಬರೆದರು. 1966ರಲ್ಲಿ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದಲ್ಲಿ, ಕ್ಯಾಮೆರಾ ಕಂಡ ವಸ್ತುಗಳನ್ನು ಗುರುತಿಸುವ ವ್ಯವಸ್ಥೆಯ ಮುಖ್ಯ ಭಾಗವನ್ನು ಕಟ್ಟುವುದನ್ನು ವಿದ್ಯಾರ್ಥಿಗಳಿಗೆ ಬೇಸಿಗೆಯ ಕೆಲಸವಾಗಿ ವಹಿಸಲಾಯಿತು. ಫೋಟೋದಲ್ಲಿರುವುದನ್ನು ಗುರುತಿಸುವುದರಲ್ಲಿ ಕಂಪ್ಯೂಟರ್ ಹಿಂದೆಂದೂ ಇಲ್ಲದಷ್ಟು ದೊಡ್ಡ ಜಿಗಿತ ಕಂಡದ್ದು 2012ರಲ್ಲಿ, ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ. ಒಂದು ಬೇಸಿಗೆಯ ಕೆಲಸಕ್ಕೆ 46 ವರ್ಷ ಹಿಡಿಯಿತು. ಇವರೆಲ್ಲ ತಮ್ಮ ಕಾಲದ ಅತ್ಯಂತ ಬುದ್ಧಿವಂತರು ಎಂಬುದನ್ನು ಮರೆಯಬಾರದು. ಕಣ್ಣು ಬಿಟ್ಟು ನೋಡುವುದು, ಒಗೆದ ಬಟ್ಟೆಯ ರಾಶಿಯಿಂದ ಅಂಗಿಯೊಂದನ್ನು ಎತ್ತಿ ಮಡಚುವುದು, ಇಂಥವನ್ನು ನಾವು ಯೋಚಿಸದೆ ಮಾಡುತ್ತೇವೆ. ನಮಗೆ ಸಲೀಸಾದದ್ದು ಯಂತ್ರಕ್ಕೂ ಸಲೀಸು ಎಂದು ಅವರು ಎಣಿಸಿದ್ದೇ ತಪ್ಪಾಯಿತು.

ಇಷ್ಟು ಓದಿ, ಇವೆಲ್ಲ ಬರೀ ಬುರುಡೆ ಎಂಬ ತೀರ್ಮಾನಕ್ಕೆ ಯಾರಾದರೂ ಬಂದರೆ ಅದನ್ನೂ ನಾನು ಒಪ್ಪುವುದಿಲ್ಲ. "ಆಗದು" ಎಂದವರ ದಾಖಲೆಯೂ ಹೀಗೇ ಇದೆ. ಮನುಷ್ಯ ಹಾರುವ ಯಂತ್ರ ಮಾಡಲು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1903ರ ಅಕ್ಟೋಬರ್‌ನಲ್ಲಿ ಬರೆಯಿತು, ರೈಟ್ ಸಹೋದರರು ಅದೇ ಡಿಸೆಂಬರ್ 17ರಂದು ಹಾರಿದರು. ಅಣುವಿನಿಂದ ಶಕ್ತಿ ಪಡೆಯುವ ಮಾತು ಹುಚ್ಚುಕಲ್ಪನೆ ಎಂದು 1933ರಲ್ಲಿ ಹೇಳಿದವರು ಪರಮಾಣು ಬೀಜವನ್ನು ಕಂಡುಹಿಡಿದ ರುದರ್‌ಫರ್ಡ್ ಅವರೇ. ಅಣುಶಕ್ತಿಗೆ ದಾರಿಯಾದ ನಿಯಂತ್ರಿತ ಸರಪಳಿ ಕ್ರಿಯೆ 1942ರಲ್ಲಿ ಷಿಕಾಗೋದಲ್ಲಿ ನಡೆದೇಬಿಟ್ಟಿತು. ಕಪ್ಪು-ಬಿಳಿ ಕಾಯಿಗಳ ಗೋ ಎಂಬ ಹಲಗೆಯಾಟದಲ್ಲಿ ಯಂತ್ರ ಗೆಲ್ಲಲು ಇನ್ನೂ ಹತ್ತು ವರ್ಷ ಬೇಕೆಂದು ಬಲ್ಲವರು ಹೇಳುತ್ತಿದ್ದಾಗಲೇ 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಎಂಬ ಪ್ರೋಗ್ರಾಂ ಆ ಆಟದ ದಿಗ್ಗಜ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿತು. ಪ್ರೋಟೀನ್ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬ, ಅರ್ಧ ಶತಮಾನ ಕಾಡಿದ ಪ್ರಶ್ನೆಯಲ್ಲಿ 2020ರಲ್ಲಿ ಆಲ್ಫಾಫೋಲ್ಡ್ ಎಂಬ ಎಐ ಪ್ರೋಗ್ರಾಂ ಸಾಧಿಸಿದ್ದು ಅದನ್ನು ಕಟ್ಟಿದವರಿಗೆ ನೊಬೆಲ್ ತಂದುಕೊಟ್ಟಿತು.

ಪರಿಣತರನ್ನೇ ಒಟ್ಟುಗೂಡಿಸಿ ಕೇಳಿದರೆ ಸರಿಯಾದ ಉತ್ತರ ಸಿಗಬಹುದೇ? 2023ರಲ್ಲಿ ಈ ಕ್ಷೇತ್ರದ 2,778 ಸಂಶೋಧಕರ ಸಮೀಕ್ಷೆ ನಡೆಯಿತು. ಪ್ರತಿಯೊಂದು ಕೆಲಸವನ್ನೂ ಯಂತ್ರಗಳು ಮನುಷ್ಯರಿಗಿಂತ ಚೆನ್ನಾಗಿ, ಅಗ್ಗವಾಗಿ ಮಾಡುವ ಸಾಧ್ಯತೆ ಶೇ. 50 ಆಗುವುದು ಯಾವಾಗ ಎಂಬುದಕ್ಕೆ ಒಟ್ಟಾರೆ ಉತ್ತರ 2047 ಎಂದು ಬಂತು. ಒಂದೇ ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಅದು 2060 ಆಗಿತ್ತು. ಎಲ್ಲ ಉದ್ಯೋಗಗಳನ್ನೂ ಪೂರ್ತಿಯಾಗಿ ಯಂತ್ರಗಳಿಗೆ ವಹಿಸಲು ಸಾಧ್ಯವಾಗುವುದು ಯಾವಾಗ ಎಂದು ಅದೇ 2023ರ ಸಮೀಕ್ಷೆಯಲ್ಲಿ ಇನ್ನೊಂದು ಬಗೆಯಾಗಿ ಕೇಳಿದಾಗ ಬಂದ ಉತ್ತರ 2116. ಎಲ್ಲ ಕೆಲಸಗಳಲ್ಲೂ ಯಂತ್ರ ಮೇಲಾದರೆ ಎಲ್ಲ ಉದ್ಯೋಗಗಳಲ್ಲೂ ಮೇಲಾದಂತೆಯೇ ಅಲ್ಲವೇ? ಪ್ರಶ್ನೆಯ ಮಾತು ಬದಲಾದದ್ದಕ್ಕೆ 69 ವರ್ಷಗಳ ಅಂತರ ಬೀಳುವುದಾದರೆ, ಸುದ್ದಿಯ ತಲೆಬರಹಕ್ಕೇರಿದ ಇಸವಿಯನ್ನು ನಂಬಿ ಇಪ್ಪತ್ಮೂರರ ಹುಡುಗಿಯೊಬ್ಬಳು ತನ್ನ ಓದನ್ನು ಬದಲಾಯಿಸುವುದು ನನಗೆ ಸಂಕಟ ತರುತ್ತದೆ.

ಇನ್ನೊಂದು ಸಂಗತಿ ಈ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಯಂತ್ರ ಸಿದ್ಧವಾದ ಮೇಲೂ ಜಗತ್ತು ಅದಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳಬೇಕು. ಎಡಿಸನ್ ಅವರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ ಶುರುವಾದದ್ದು 1882ರಲ್ಲಿ. 1900ರ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳ ಯಂತ್ರಗಳನ್ನು ನಡೆಸುವ ಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು ಶೇ. 5ನ್ನೂ ಮುಟ್ಟಿರಲಿಲ್ಲ. ಆಗಿನ ಕಾರ್ಖಾನೆಯಲ್ಲಿ ಒಂದು ದೊಡ್ಡ ಉಗಿ ಯಂತ್ರ, ಚಾವಣಿಯುದ್ದಕ್ಕೂ ಅದು ತಿರುಗಿಸುವ ಉಕ್ಕಿನ ಶಾಫ್ಟು, ಆ ಶಾಫ್ಟಿನಿಂದ ಒಂದೊಂದು ಯಂತ್ರಕ್ಕೂ ಇಳಿದ ಚರ್ಮದ ಬೆಲ್ಟುಗಳು ಇರುತ್ತಿದ್ದವು. ಮಾಲೀಕರು ಮೊದಲು ಮಾಡಿದ್ದು ಉಗಿ ಯಂತ್ರದ ಜಾಗದಲ್ಲಿ ಅಷ್ಟೇ ದೊಡ್ಡ ಮೋಟಾರು ತಂದಿಟ್ಟದ್ದು. ಶಾಫ್ಟು, ಬೆಲ್ಟು ಹಾಗೆಯೇ ಉಳಿದವು, ಲಾಭವೂ ಅಷ್ಟಕ್ಕಷ್ಟೇ ಆಯಿತು. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಕೂರಿಸಿ, ಶಾಫ್ಟನ್ನು ಕಿತ್ತುಹಾಕಿ, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಟ್ಟಡವನ್ನೇ ಹೊಸದಾಗಿ ಕಟ್ಟಿದಾಗ, ಅಂದರೆ 1920ರ ದಶಕದಲ್ಲಿ, ಉತ್ಪಾದನೆ ಜೋರಾಗಿ ಏರಿತು. ಆಸ್ಪತ್ರೆ, ನ್ಯಾಯಾಲಯ, ಶಾಲೆಗಳಲ್ಲಿ ಇಂದು ನಾವು ಮಾಡುತ್ತಿರುವುದು ಹಳೆಯ ಶಾಫ್ಟಿಗೆ ಹೊಸ ಮೋಟಾರು ಜೋಡಿಸುವ ಕೆಲಸವೇ.

ಚಾಲಕನಿಲ್ಲದ ಕಾರಿನ ಕಥೆಯೂ ಇದಕ್ಕೆ ಹತ್ತಿರದ್ದು. 2020ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ರೋಬೋ ಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಎಂದು 2019ರಲ್ಲಿ ಇಲಾನ್ ಮಸ್ಕ್ ಹೇಳಿದ್ದು ನಡೆಯಲಿಲ್ಲ. ಆದರೆ ಅದೇ 2020ರಲ್ಲಿ ವೇಮೋ ಸಂಸ್ಥೆ ಅಮೆರಿಕದ ಫೀನಿಕ್ಸ್ ಪ್ರದೇಶದಲ್ಲಿ ಚಾಲಕರಿಲ್ಲದ ಟ್ಯಾಕ್ಸಿಗಳನ್ನು ಜನರಿಗಾಗಿ ಬಿಟ್ಟಿತು, ಆಮೇಲೆ ಒಂದೊಂದೇ ನಗರಕ್ಕೆ ಹಬ್ಬಿತು.

ಇಸವಿ ಕೊಟ್ಟೇ ಭವಿಷ್ಯ ನುಡಿಯುವ ಅಮೆರಿಕದ ಸಂಶೋಧಕ, ಲೇಖಕ ರೇ ಕರ್ಜ್‌ವೈಲ್ ಅವರ ಬಗ್ಗೆ ಹೇಳದೆ ಈ ಮಾತು ಮುಗಿಯುವುದಿಲ್ಲ. 2029ಕ್ಕೆ ಮನುಷ್ಯನ ಮಟ್ಟದ ಬುದ್ಧಿ, 2045ಕ್ಕೆ ಯಂತ್ರ ಮತ್ತು ಮನುಷ್ಯರ ಬುದ್ಧಿ ಒಂದಾಗಿ ಊಹೆಗೆ ಸಿಗದಷ್ಟು ಬೆಳೆಯುವ ಘಟ್ಟ, ಇದು ಅವರ ಲೆಕ್ಕ. ಕಂಪ್ಯೂಟರಿನ ಶಕ್ತಿ ಇಷ್ಟಿಷ್ಟು ಕಾಲಕ್ಕೊಮ್ಮೆ ದುಪ್ಪಟ್ಟಾಗುತ್ತಲೇ ಹೋಗುತ್ತದೆ ಎಂಬ ಏರುರೇಖೆಯ ಮೇಲೆ ಅದು ನಿಂತಿದೆ. ಆ ರೇಖೆಗೆ 'ಮೂರ್ ನಿಯಮ' ಎಂಬ ಹೆಸರು ಬರಲು ಕಾರಣರಾದ ಗಾರ್ಡನ್ ಮೂರ್ ಅವರೇ, ಪ್ರತಿವರ್ಷ ದುಪ್ಪಟ್ಟು ಎಂದು 1965ರಲ್ಲಿ ಹೇಳಿದ್ದನ್ನು 1975ರಲ್ಲಿ ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿಕೊಂಡರು. ಎಲ್ಲ ರೇಖೆಗಳೂ ಏರುತ್ತಲೇ ಹೋಗುವುದಿಲ್ಲ. 1976ರಲ್ಲಿ ಪ್ರಯಾಣಿಕರನ್ನು ಶಬ್ದಕ್ಕಿಂತ ವೇಗವಾಗಿ ಕೊಂಡೊಯ್ಯಲು ಆರಂಭಿಸಿದ ಕಾಂಕಾರ್ಡ್ ವಿಮಾನ 2003ರಲ್ಲಿ ನಿಂತುಹೋಯಿತು, ಅದಕ್ಕೆ ಸಾಟಿಯಾದ ವೇಗದ ಪ್ರಯಾಣ ಮತ್ತೆ ಬಂದಿಲ್ಲ. ಕರ್ಜ್‌ವೈಲ್ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲವಾದರೂ ಒಂದು ಕಾರಣಕ್ಕೆ ಅವರ ಮೇಲೆ ಗೌರವವಿದೆ. ಕಾಲು ಶತಮಾನದಿಂದ 2029 ಎಂಬ ಇಸವಿಯನ್ನು ಅವರು ಮುಂದೂಡಿಲ್ಲ. ಅದನ್ನು ಪರೀಕ್ಷಿಸುವ ದಿನ ಈಗ ದೂರವಿಲ್ಲ. "ಶೀಘ್ರದಲ್ಲೇ ಎಲ್ಲವೂ ಬದಲಾಗಲಿದೆ" ಎಂದು ಪ್ರತಿವರ್ಷ ಹೇಳಿ ಬಂಡವಾಳ ಎತ್ತುವವರ ಮಾತಿಗೆ ಇಂಥ ಪರೀಕ್ಷೆಯ ದಿನ ಎಂದೂ ಬರುವುದಿಲ್ಲ.

ಎರಡು ದಿನ ಬಿಟ್ಟು ಅವಳಿಗೆ ಫೋನ್ ಮಾಡಿದೆ. "ಯಾರೇ ಭವಿಷ್ಯ ಹೇಳಲಿ ಪುಟ್ಟಿ, ಯಾವ ಕೆಲಸ, ಯಾವ ವರ್ಷ, ಹಾಗಾಗದಿದ್ದರೆ ಗೊತ್ತಾಗುವುದು ಹೇಗೆ ಅಂತ ಕೇಳು," ಎಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ನೀವೂ ಹೇಳಿ ಮಾಮಾ" ಎಂದಳು. ನ್ಯಾಯವಾದ ಮಾತು. ಆದ್ದರಿಂದ ನನ್ನದನ್ನೂ ಎಲ್ಲರೆದುರು ಬರೆದಿಡುತ್ತೇನೆ. 2035ರ ಹೊತ್ತಿಗೆ ಸಾಮಾನ್ಯ ಎಕ್ಸ್‌ರೇಗಳ ಮೊದಲ ಓದನ್ನು ಬಹುಪಾಲು ಯಂತ್ರವೇ ಮಾಡುತ್ತಿರುತ್ತದೆ. ಒಬ್ಬ ರೇಡಿಯಾಲಜಿಸ್ಟ್ ದಿನಕ್ಕೆ ನೋಡುವ ಸ್ಕ್ಯಾನ್‌ಗಳ ಸಂಖ್ಯೆ ಇಂದಿಗಿಂತ ಹೆಚ್ಚಿರುತ್ತದೆ. ಗಂಭೀರವಾದ ವರದಿಗಳ ಕೆಳಗೆ ಮನುಷ್ಯರ ಸಹಿಯೇ ಇರುತ್ತದೆ. ಆ ಕೆಲಸಕ್ಕೆ ಜನ ಬೇಕಾಗಿಯೇ ಇರುತ್ತಾರೆ. ಇವುಗಳಲ್ಲಿ ಯಾವುದು ತಪ್ಪಿದರೂ ಆ ವರ್ಷ ಈ ಬರಹದ ಕೆಳಗೆ ಒಪ್ಪಿಕೊಳ್ಳುತ್ತೇನೆ. ಅವಳು ರೇಡಿಯಾಲಜಿಗೇ ಅರ್ಜಿ ಹಾಕುತ್ತಿದ್ದಾಳೆ.