ಹಲೋ, ಮೈಕ್ ಟೆಸ್ಟಿಂಗ್

ಗಲಾಟೆ ಎಷ್ಟು ಮಾಡಬಹುದು ಅನ್ನುವುದಕ್ಕೂ ನಮ್ಮ ದೇಶದಲ್ಲಿ ಲೆಕ್ಕ ಇದೆ. 2000ನೇ ಇಸವಿಯಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನ ವಾಸ ಮಾಡುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ದಾಟುವ ಹಾಗಿಲ್ಲ. ರಾತ್ರಿ ಅಂದರೆ ಹತ್ತು ಗಂಟೆಯಿಂದ ಬೆಳಗ್ಗೆ ಆರರವರೆಗೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ ನೂರು ಮೀಟರನ್ನು ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಿದ್ದರೆ ಅಲ್ಲಿ ಇನ್ನೂ ಬಿಗಿ, ರಾತ್ರಿ ಬರೀ 40. ಇದನ್ನೆಲ್ಲ ಬರೆದ ಪುಣ್ಯಾತ್ಮರು ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಬೇಕಾದರೆ ಬರೆದುಕೊಡುತ್ತೇನೆ.

ಮಗ ಬಂದಾಗ ನನ್ನ ಫೋನಿಗೆ ಡೆಸಿಬಲ್ ಅಳೆಯುವ ಒಂದು ಆ್ಯಪ್ ಹಾಕಿಕೊಟ್ಟ. ಫೋನಿನ ಲೆಕ್ಕ ಪಕ್ಕಾ ಅಲ್ಲ, ಕಾನೂನಿನ ಅಳತೆ ಒಂದು ಕ್ಷಣದ್ದಲ್ಲ, ಸರಾಸರಿಯದ್ದು ಅಂತಲೂ ಹೇಳಿದ. ಯಾರು ಕೇಳುತ್ತಾರೆ? ಅವತ್ತೇ ರಾತ್ರಿ ಕಿಟಕಿ ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ನೋಡಿದೆ. 48. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಆದರೂ 48! ಹುಡುಕಿದರೆ ತಲೆ ಮೇಲಿನ ಫ್ಯಾನು. ಆರಿಸಿದರೆ ಸೊಳ್ಳೆ. ಸೊಳ್ಳೆ ಎಷ್ಟು ಡೆಸಿಬಲ್ ಅಂತ ಕಿವಿಯ ಹತ್ತಿರ ಫೋನ್ ಹಿಡಿದು ಕಾಯುತ್ತಾ ಕೂತವನನ್ನು ನೋಡಿ ನಮ್ಮನೆಯವಳು, "ನಿಮ್ಮ ಸದ್ದೇ ಜಾಸ್ತಿ ಆಯ್ತು, ಸುಮ್ನೆ ಮಲಗ್ರೀ" ಅಂದಳು. ಅವಳು ಹೇಳಿದ್ದು 62.

ಡೆಸಿಬಲ್ ಅನ್ನುವುದು ಮೋಸದ ಲೆಕ್ಕ. 55ಕ್ಕೂ 65ಕ್ಕೂ ಹತ್ತೇ ತಾನೇ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಪ್ರತಿ ಹತ್ತಕ್ಕೂ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ. ಎಂಬತ್ತು, ತೊಂಬತ್ತು ಅನ್ನುವ ಹೊತ್ತಿಗೆ ಅದು ಸದ್ದಲ್ಲ, ಏಟು.

ಹಗಲಿನ ಕಥೆ ಬೇರೆ. ಬೆಳಗ್ಗೆ ಎದುರು ಮನೆಯವರು ಕಾರು ಹಿಂದಕ್ಕೆ ತೆಗೆಯುವಾಗ ಅದು ಕೀರಲು ದನಿಯಲ್ಲಿ ಸಂಗೀತ ಶುರು ಮಾಡುತ್ತದೆ. ಆಮೇಲೆ ಗಾಡಿಯ ಮೇಲೆ ಬ್ಯಾಟರಿ ಮೈಕು ಕಟ್ಟಿಕೊಂಡ ಈರುಳ್ಳಿಯವನು. "ಈರುಳ್ಳಿ ಈರುಳ್ಳಿ, ನೂರಕ್ಕೆ ನಾಲ್ಕು ಕೆಜಿ!" ಕೂಗುವುದು ಅವನಲ್ಲ, ರೆಕಾರ್ಡಿಂಗು. ಚೀಲ ಹಿಡಿದುಕೊಂಡು ಓಡಿದರೆ ಎರಡೂವರೆ ಕೆಜಿ ತೂಗಿದ. "ಅಲ್ಲಪ್ಪಾ, ಮೈಕಲ್ಲಿ ನಾಲ್ಕು ಅಂತಿದೆ?" ಅಂದೆ. "ಅದು ಹಳೇ ರೇಟು ಸಾರ್, ಹೊಸದು ರೆಕಾರ್ಡ್ ಮಾಡೋಕೆ ಟೈಮ್ ಆಗಿಲ್ಲ" ಅಂದ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಮೈಕು ಪಕ್ಕದಲ್ಲೇ ನೂರಕ್ಕೆ ನಾಲ್ಕು ಅಂತ ಅರಚುತ್ತಲೇ ಇತ್ತು. ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ ನಿಯಮದಲ್ಲಿದೆ ಅಂದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿದ. ನನ್ನ ಹೋರಾಟ ಅಲ್ಲಿಗೆ ಮುಗಿಯಿತು.

ಗಣೇಶನ ಹಬ್ಬದ್ದು ಮಾತ್ರ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ.

ನಮ್ಮ ಬೀದಿಯ ಹುಡುಗರು ಒಳ್ಳೆಯವರೇ. ಸಿಲಿಂಡರ್ ಹೊತ್ತು ತಂದುಕೊಡುತ್ತಾರೆ, ಆಸ್ಪತ್ರೆಗೆ ಗಾಡಿ ತರುತ್ತಾರೆ. ಹೀಗಾಗಿಯೇ ಅವರ ಮೇಲೆ ಯಾರೂ ದೂರು ಕೊಡುವುದಿಲ್ಲ. ಕಾನೂನು ಏನೇ ಹೇಳಲಿ, ಮಧ್ಯಾಹ್ನ ಪುಳಿಯೋಗರೆ ಪ್ರಸಾದ ತಂದುಕೊಟ್ಟ ಹುಡುಗನ ಮೇಲೆ ರಾತ್ರಿ 112ಕ್ಕೆ ಫೋನ್ ಮಾಡೋಕಾಗುತ್ತಾ?

ಆ ಶನಿವಾರ ಆರ್ಕೆಸ್ಟ್ರಾ. ಹತ್ತು ದಾಟಿತು, ನಿಲ್ಲಲಿಲ್ಲ. ಶೋಕೇಸಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ತಾಳ ಹಾಕುತ್ತಿದ್ದವು. ಹಬ್ಬಕ್ಕೆ ಅಂತ ಸರ್ಕಾರ ವರ್ಷದಲ್ಲಿ ಒಟ್ಟು 15 ದಿನ ಮಧ್ಯರಾತ್ರಿ ಹನ್ನೆರಡರವರೆಗೆ ಸಡಿಲ ಕೊಡಬಹುದು ನಿಜ, ಆದರೆ ಯಾವ್ಯಾವ ದಿನ ಅಂತ ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಹತ್ತರ ಮೇಲೆ ಡೆಸಿಬಲ್ ಅಳೆಯುವ ಕೆಲಸವೂ ಇಲ್ಲ, ಬಯಲಲ್ಲಿ ಮೈಕು ಹಾಕಿದ್ದೇ ತಪ್ಪು. ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಪಂಚೆ ಮೇಲೆತ್ತಿ ಕಟ್ಟಿ ಹೊರಟೆ.

ವೇದಿಕೆಯ ಪಕ್ಕ ಆಳೆತ್ತರದ ಸ್ಪೀಕರ್ ಬಾಕ್ಸುಗಳು. ಫೋನು 97 ತೋರಿಸಿತು. "ಅಂಕಲ್ ಬನ್ನಿ ಬನ್ನಿ, ಊಟ ಆಯ್ತಾ?" ಅಂತ ಒಬ್ಬ ಹುಡುಗ ಕುರ್ಚಿ ಎಳೆದ. ತುಟಿ ನೋಡಿ ಅರ್ಥ ಮಾಡಿಕೊಂಡೆ. "ಹತ್ತು ಆಯ್ತಪ್ಪಾ!" ಅಂತ ಕೂಗಿದೆ. "ಆಂ?" ಅಂದ. "ಹತ್ತು! ಹತ್ತು!" ಕೇಳಿಸಲಿಲ್ಲ. ಎರಡೂ ಕೈ ಎತ್ತಿ ಹತ್ತೂ ಬೆರಳು ಅಗಲಿಸಿ ತೋರಿಸಿದೆ.

ಹುಡುಗನ ಮುಖ ಅರಳಿತು. ನನ್ನ ಕಾಲಿಗೆ ಬಿದ್ದೇಬಿಟ್ಟ. ನೋಡನೋಡುತ್ತಿದ್ದಂತೆ ಹಾಡು ನಿಂತಿತು. ಇಷ್ಟು ಬೇಗ ಮಾತು ಕೇಳಿದರಲ್ಲ ಅಂತ ಎದೆ ಉಬ್ಬಿಸುವಷ್ಟರಲ್ಲಿ ಮೈಕು ಶುರುವಾಯಿತು. "ನಮ್ಮ ಬೀದಿಯ ಹಿರಿಯರು, ಕೊಡುಗೈ ದಾನಿಗಳು, ಹತ್ತು ಸಾವಿರ ರೂಪಾಯಿ ದೇಣಿಗೆ ಘೋಷಿಸಿದ್ದಾರೆ!" ಡ್ರಮ್ಮು, ಶಿಳ್ಳೆ, ಹೆಗಲ ಮೇಲೆ ಒಂದು ಶಾಲು. ಏನು ಹೇಳಲಿ ಅಂತ ಬಾಯಿ ತೆರೆದರೆ ಕೀಬೋರ್ಡಿನವನು ಮುಂದಿನ ಹಾಡು ಎತ್ತಿಕೊಂಡ.

ಹಾರ ಹಾಕುವ ಹೊತ್ತಿಗೆ ನಮ್ಮನೆಯವಳು ಜನರನ್ನು ಸರಿಸಿಕೊಂಡು ಬಂದಳು. ಕುಕ್ಕರ್ ಇಳಿಸು ಅಂತ ಹಾಲ್‌ನಿಂದ ಕೂಗಿದರೆ ಅಡುಗೆಮನೆಯಲ್ಲಿ ಕೇಳಿಸದ ಹೆಂಗಸು, ನಾಲ್ಕು ಮನೆ ಆಚೆಯಿಂದ "ಹತ್ತು ಸಾವಿರ" ಅನ್ನುವುದನ್ನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದಳು. ಧ್ವನಿವರ್ಧಕದ ಗುಣಮಟ್ಟಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಮೇಲೆ ಮನೆಯಲ್ಲಿ ಎಷ್ಟು ಡೆಸಿಬಲ್ ಆಯಿತು ಅಂತ ಅಳೆಯುವ ಧೈರ್ಯ ಬರಲಿಲ್ಲ.

ದೇವರ ಮುಂದೆ ಘೋಷಿಸಿದ್ದನ್ನು ಚೌಕಾಸಿ ಮಾಡೋಕಾಗುವುದಿಲ್ಲ. ಕಂತಿನಲ್ಲಿ ತೀರಿಸಿದೆ.

ಅಷ್ಟು ದುಡ್ಡು ಕೊಟ್ಟವನನ್ನು ಯಾರಾದರೂ ಸುಮ್ಮನೆ ಬಿಡುತ್ತಾರಾ? ಈ ವರ್ಷ ನಾನು ಗೌರವಾಧ್ಯಕ್ಷ. ಅಂಕಲ್‌ಗೆ ರೂಲ್ಸ್ ಎಲ್ಲಾ ಗೊತ್ತು ಅಂತ ಪೊಲೀಸ್ ಅನುಮತಿಯ ಅರ್ಜಿಗೂ ನನ್ನದೇ ಸಹಿ, ನನ್ನದೇ ಫೋನ್ ನಂಬರ್. ಹತ್ತಕ್ಕೆ ಸರಿಯಾಗಿ ನಿಲ್ಲಿಸುತ್ತೇವೆ ಅಂತ ಹುಡುಗರಿಂದ ಆಣೆ ಮಾಡಿಸಿಕೊಂಡೆ. ಮಾಡಿದರು. ಆದರೆ ಆರ್ಕೆಸ್ಟ್ರಾದವರು ಬಂದಿದ್ದೇ ಒಂಬತ್ತೂವರೆಗೆ.

ಹತ್ತೂ ಐದಕ್ಕೆ ಫೋನ್ ಬಂತು. ಹಿಂದಿನ ಬೀದಿಗೆ ಹೊಸದಾಗಿ ಬಂದವರಂತೆ. ಆ ಗದ್ದಲದಲ್ಲಿ ಒಂದಕ್ಷರ ಕೇಳಿಸಲಿಲ್ಲ. "ಜೋರಾಗಿ ಹೇಳಿ ಸ್ವಾಮಿ" ಅಂತ ಸ್ಪೀಕರ್‌ಗೆ ಹಾಕಿದೆ. ಆ ಕಡೆಯಿಂದ ಅವರು ಗಂಟಲು ಹರಿಯುವ ಹಾಗೆ ಕೂಗಿದರು: "ಹತ್ತು ಆಯ್ತು ರೀ! ಹತ್ತು!"

ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿದ್ದ ಖಜಾಂಚಿ ರಸೀದಿ ಪುಸ್ತಕ ತೆಗೆದು, "ಹೆಸರು ಏನಂತ ಬರೀಲಿ ಕೇಳಿ ಅಂಕಲ್" ಅಂದ.